ವಿಭೂತಿ ಹಚ್ಚಿದ ಡ್ರೈವು

ಬೆಳಿಗ್ಗೆ ಎದ್ದು ಕಂಪ್ಯೂಟರಿನ ಗುಂಡಿ ಒತ್ತಿದರೆ ಅದು ಕಪ್ಪು ಪರದೆಯ ಮೇಲೆ ಎರಡು ಸಾಲು ಬರೆದು ಸುಮ್ಮನೆ ನಿಲ್ಲುತ್ತದೆ. ಮೇಲಿನ ಸಾಲು ಲಿನಕ್ಸು, ಕೆಳಗಿನದು ವಿಂಡೋಸು. ಯಾವುದು ಬೇಕು ಎಂದು ಕೇಳುವ ರೀತಿ ಅದು. ಬೈಲಹೊಂಗಲದ ನಮ್ಮ ಮನೆಯಲ್ಲಿ ನನಗೆ ಏನು ಬೇಕು ಎಂದು ಕೇಳುವುದು ಇದೊಂದೇ. ಉಪ್ಪಿಟ್ಟೋ ಅವಲಕ್ಕಿಯೋ, ಬಿಳಿ ಅಂಗಿಯೋ ನೀಲಿ ಅಂಗಿಯೋ ಎಂದೆಲ್ಲ ಯಾರೂ ಕೇಳುವುದಿಲ್ಲ. ತಾಟಿನಲ್ಲಿ ಬಂದದ್ದನ್ನು ಉಣ್ಣಬೇಕು, ಗೂಟಕ್ಕೆ ಹಾಕಿದ್ದನ್ನು ತೊಡಬೇಕು. ಹಾಗಾಗಿ ಈ ಪ್ರಶ್ನೆ ಬಂದಾಗ ದಿನಾ ಒಂದು ಗಳಿಗೆ ನಾನೂ ಮನೆಯ ಯಜಮಾನನೇ ಎಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯನ್ನು ಸವಿಯುತ್ತ ತಡ ಮಾಡಿದರೆ ಯಂತ್ರ ಸ್ವಲ್ಪ ಹೊತ್ತು ಕಾದು, ನನ್ನನ್ನು ಬಿಟ್ಟು ತಾನೇ ಒಂದನ್ನು ಆರಿಸಿಕೊಂಡು ಮುಂದೆ ಹೋಗುತ್ತದೆ. ಈ ಪದ್ಧತಿಯನ್ನು ಅದು ನನ್ನ ಹೆಂಡತಿ ಶಾಂತಾಳಿಂದ ಕಲಿತಿರಬೇಕು.

ಆ ಎರಡು ಸಾಲು ಅಲ್ಲಿ ಬಂದು ಕೂತದ್ದು ಸುಲಭವಾಗಿ ಅಲ್ಲ. ಅದಕ್ಕೆ ಒಂದು ತೊಟ್ಟಿಲು ಮತ್ತು ಎರಡು ಗಿಳಿಗಳು ಬಲಿಯಾಗಿವೆ. ಹೇಳುತ್ತೇನೆ, ಅವಸರ ಬೇಡ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ನಮ್ಮ ಸ್ಟಾಫ್ ರೂಮಿನಲ್ಲಿ ಮನುಷ್ಯರಿಗೆ ಹೆಸರಿಲ್ಲ, ವಿಷಯವಿದೆ. ನಾನು ಕನ್ನಡ ಸರ್, ನನ್ನ ಪಕ್ಕದ ಕುರ್ಚಿಯವರು ಫಿಜಿಕ್ಸ್ ಸರ್. ಈ ಫಿಜಿಕ್ಸ್ ಸರ್ ಕೆಲವು ವರ್ಷಗಳ ಹಿಂದೆ ಲಿನಕ್ಸಿಗೆ ಒಲಿದರು. ಒಲಿದವರು ಸುಮ್ಮನಿದ್ದರೆ ಯಾರ ತಕರಾರೂ ಇರಲಿಲ್ಲ. ಚಹಾ ಬಿಟ್ಟವನು ಪಕ್ಕದಲ್ಲಿ ಕೂತವನ ಚಹಾದ ಮೇಲೆ ಕಣ್ಣಿಡುತ್ತಾನಲ್ಲ, ಹಾಗೆ ಅವರು ಎಲ್ಲರ ಕಂಪ್ಯೂಟರಿನ ಮೇಲೆ ಕಣ್ಣಿಟ್ಟರು. ನನ್ನ ಹಳೆಯ ಯಂತ್ರ ಹೊಸ ವಿಂಡೋಸಿಗೆ ತಕ್ಕುದಲ್ಲ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿದ್ದೇ ತಡ, ಅವರಿಗೆ ಮಿಕ ಸಿಕ್ಕಂತಾಯಿತು. ಲಿನಕ್ಸು ಎಂದರೆ ಸ್ವಾತಂತ್ರ್ಯ, ವಿಂಡೋಸು ಎಂದರೆ ಕಪ್ಪ ಕೊಡುವುದು ಎಂದು ಅವರು ಒಂದು ಮಾತು ಎಸೆದರು. ಅಲ್ಲಿಗೆ ನಾನು ಬಿದ್ದೆ.

ಯಾಕೆಂದರೆ ನಾವು ಕಿತ್ತೂರು ಸೀಮೆಯವರು. ನಮ್ಮ ಕಡೆಯ ಗಂಡಸಿನ ಮುಂದೆ ಕಪ್ಪ ಎಂಬ ಶಬ್ದ ಉಚ್ಚರಿಸಿದರೆ ಸಾಕು, ಅವನ ಕೈ ಸೊಂಟಕ್ಕೆ ಹೋಗುತ್ತದೆ. ಸೊಂಟದಲ್ಲಿ ಮೊಬೈಲಿನ ಚೀಲ ಬಿಟ್ಟು ಬೇರೇನೂ ಇರುವುದಿಲ್ಲ ಎಂಬುದು ಬೇರೆ ಮಾತು. ಬಸ್ಸಿನ ಟಿಕೀಟಿಗೂ ಕಪ್ಪ, ನಳದ ಬಿಲ್ಲಿಗೂ ಕಪ್ಪ, ಬೀಗರ ಮನೆಗೆ ಒಯ್ಯುವ ಮಿಠಾಯಿಗೂ ಕಪ್ಪ. ಕಟ್ಟುವುದನ್ನು ಎಲ್ಲರೂ ಕಟ್ಟಿಯೇ ಕಟ್ಟುತ್ತೇವೆ, ಆದರೆ ಗುಡುಗಿ ಕಟ್ಟುತ್ತೇವೆ. ನಾನೂ ಆ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಇನ್ನು ಮುಂದೆ ಈ ಮನೆಯಲ್ಲಿ ಲಿನಕ್ಸು ಎಂದು ಸಾರಿದೆ.

ಶಾಂತಾ ತಲೆ ಎತ್ತಲಿಲ್ಲ. ಅವಳು ಕಂಪ್ಯೂಟರಿನ ಮುಂದೆ ತೊಡೆಯ ಮೇಲೆ ಕಪ್ಪು ಸೀರೆ ಹರವಿಕೊಂಡು ಕೂತು, ಒಮ್ಮೆ ಪರದೆ ನೋಡಿ ಒಮ್ಮೆ ಎಳೆ ಎಣಿಸಿ ಕಸೂತಿ ಹಾಕುತ್ತಿದ್ದಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆ ಕಂಪ್ಯೂಟರನ್ನು ತಂದದ್ದು ನಾನು, ಪರೀಕ್ಷೆಯ ಅಂಕ ಮತ್ತು ಹುಡುಗರ ಹಾಜರಿ ತುಂಬಲಿಕ್ಕೆ. ಎಕ್ಸೆಲ್ಲಿನ ಚೌಕಗಳಲ್ಲಿ ನಾನು ಪ್ರತಿ ಸಂಜೆ ಒದ್ದಾಡುವುದನ್ನು ಶಾಂತಾ ಹಿಂದೆ ನಿಂತು ನೋಡುತ್ತಿದ್ದಳು. ಒಂದು ದಿನ, ಇದು ಥೇಟು ಬಟ್ಟೆಯ ಎಳೆಯಂತೆಯೇ ಇದೆಯಲ್ಲ ಎಂದಳು. ಮರುವಾರದ ಹೊತ್ತಿಗೆ ಚೌಕಗಳನ್ನೆಲ್ಲ ಸಣ್ಣದು ಮಾಡಿ, ಚೌಕದ ಅಂಚಿಗೆ ಗೆರೆ ಎಳೆದು ಒಂದು ಗೋಪುರ ಎಬ್ಬಿಸಿದ್ದಳು. ನಮ್ಮ ಕಡೆಯ ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುವ ರೂಢಿಯಿಲ್ಲ, ಎಳೆ ಎಣಿಸಿ ಸೂಜಿ ಹಾಕಬೇಕು. ಅದರಲ್ಲೂ ಗವಂತಿ ಎಂಬ ಹೊಲಿಗೆ ಬಲು ಹಟದ್ದು. ಬಟ್ಟೆಯ ಒಳಗೂ ಹೊರಗೂ ಒಂದೇ ಥರ ಕಾಣಬೇಕು, ಗಂಟು ಎಲ್ಲಿಯೂ ತೋರಬಾರದು. ಒಂದು ಎಳೆ ತಪ್ಪಿದರೆ ಹೊರಟ ಜಾಗಕ್ಕೆ ಸೂಜಿ ವಾಪಸು ಬರುವುದೇ ಇಲ್ಲ.

ಶಾಂತಾ ಅಲ್ಲಿಗೆ ನಿಲ್ಲಿಸಲಿಲ್ಲ. ಮದುವೆ, ಗೃಹಪ್ರವೇಶ ಎಂದು ದೊಡವಾಡಕ್ಕೆ, ಮುನವಳ್ಳಿಗೆ, ಸವದತ್ತಿಗೆ ಹೋದಲ್ಲೆಲ್ಲ ಮುದುಕಿಯರ ಟ್ರಂಕು ತೆಗೆಸಿದಳು. ಹಳೆಯ ಚಂದ್ರಕಾಳಿ ಸೀರೆಗಳನ್ನು, ಅಂದರೆ ನಮ್ಮಲ್ಲಿ ಶುಭಕಾರ್ಯಕ್ಕೆ ಉಡುವ ಕಪ್ಪು ಸೀರೆಗಳನ್ನು, ಮಡಿಲಲ್ಲಿ ಇಟ್ಟುಕೊಂಡು ಸೂಜಿಯ ಮೊನೆಯಿಂದ ಎಳೆ ಎಣಿಸಿದಳು. ಫೋನಿನಲ್ಲಿ ಹತ್ತಿರದಿಂದ ಫೋಟೊ ಹೊಡೆದುಕೊಂಡು ಬಂದು ಎಕ್ಸೆಲ್ಲಿಗೆ ಇಳಿಸಿದ ಮೇಲೆ ಫೋಟೊ ಅಳಿಸಿಬಿಡುತ್ತಿದ್ದಳು. ಅವಳ ಫೋನು ಯಾವಾಗಲೂ ತುಂಬಿರುತ್ತಿತ್ತು, ನಮ್ಮ ಬಳಗದವರು ಬೆಳಗಾದರೆ ಕಳಿಸುವ ಗುಲಾಬಿ ಹೂವಿನ ಶುಭೋದಯಗಳಿಂದ. ಕಳಿಸುವವರಲ್ಲಿ ನಾನೂ ಒಬ್ಬ. ಹೀಗೆ ನಾನು ಹಾಜರಿ ತುಂಬಲು ತಂದ ಯಂತ್ರದಲ್ಲಿ ಆನೆ ಅಂಬಾರಿ, ನವಿಲು, ತುಳಸಿಕಟ್ಟೆ, ಶಂಖ ಎಲ್ಲ ಬಂದು ನೆಲೆಸಿದವು. ನನ್ನ ಹಾಜರಿ ಮೂಲೆಗೆ ಬಿತ್ತು.

ಆಗ ಅವಳ ತೊಡೆಯ ಮೇಲಿದ್ದ ಸೀರೆ ಅವಳ ಅಕ್ಕನ ಮಗಳದು. ಮುನವಳ್ಳಿಯಲ್ಲಿ ಮುಂದಿನ ತಿಂಗಳು ಆ ಹುಡುಗಿಯ ಕುಬಸ, ಅಂದರೆ ಸೀಮಂತ. ಬಸುರಿಗೆ ಕುಬಸದ ದಿನ ಉಡಿಸುವ ಸೀರೆಯ ಸೆರಗಿಗೆ ಒಂದು ತೊಟ್ಟಿಲು, ಅದರ ಎರಡೂ ಬದಿಗೆ ಗಿಳಿಗಳು ಬರಬೇಕಿತ್ತು. ದೊಡವಾಡದ ನೀಲವ್ವ ಎಂಬ ಮುದುಕಿಯ ಸೀರೆಯಿಂದ ಎತ್ತಿದ ಚಿತ್ತಾರ. ಅಂಥ ಗಿಳಿ ಮತ್ತೆಲ್ಲೂ ನೋಡಿಲ್ಲ ಎಂದು ಶಾಂತಾ ಹೇಳುತ್ತಿದ್ದಳು. ಕೊಕ್ಕು ತೊಟ್ಟಿಲ ಹಗ್ಗ ಹಿಡಿದಿರುತ್ತದಂತೆ, ಗಿಳಿಗಳೇ ಮಗುವನ್ನು ತೂಗುವ ಹಾಗೆ. ಚಿಕ್ಕವ್ವ ತನ್ನ ಕೈಯಿಂದ ಹಾಕಿದ ಸೀರೆಯನ್ನೇ ಉಡುತ್ತೇನೆ, ಅಂಗಡಿಯದು ಬೇಡ ಎಂದು ಹುಡುಗಿ ಹಟ ಹಿಡಿದಿದ್ದಳು. ಶಾಂತಾಳಿಗೂ ಅದು ಮಾನದ ಮಾತಾಗಿತ್ತು. ಅಂಚಿನ ಕೆಲಸ ಮುಗಿದಿತ್ತು, ಸೆರಗು ಬಾಕಿ ಇತ್ತು.

ನನ್ನ ಘೋಷಣೆ ಮುಗಿದ ಮೇಲೆ ಅವಳು ಸೂಜಿ ಬಟ್ಟೆಗೆ ಚುಚ್ಚಿಟ್ಟು ಒಂದೇ ಮಾತು ಹೇಳಿದಳು.

"ಏನರ ಹಾಕ್ರಿ, ಎಲ್ಲೆರ ಹಾಕ್ರಿ. ನನ್ನ ಗಿಳಿ ಮುಟ್ಟಬ್ಯಾಡ್ರಿ."

ಮರುದಿನ ಈ ಷರತ್ತನ್ನು ಫಿಜಿಕ್ಸ್ ಸರ್ ಮುಂದಿಟ್ಟೆ. ಅವರು ನಕ್ಕು, ಅದಕ್ಕೇನು, ಮನೆ ಒಂದೇ ಇರಲಿ, ಒಲೆ ಎರಡು ಹೂಡೋಣ ಎಂದರು. ಇರುವ ಡ್ರೈವನ್ನು ಮುಟ್ಟುವುದೇ ಬೇಡ, ಇನ್ನೊಂದು ಸಣ್ಣ ಡ್ರೈವು ತಂದು ಅದರಲ್ಲಿ ಲಿನಕ್ಸು ಹಾಕುವುದು. ಹಾಕುವಾಗ ಹಳೆಯ ಡ್ರೈವಿನ ವೈರು ಬಿಚ್ಚಿ ತೆಗೆದು ಪಕ್ಕಕ್ಕಿಟ್ಟರೆ ಆಯಿತು, ಇಲ್ಲದ್ದನ್ನು ಯಂತ್ರ ಹೇಗೆ ಕೆಡಿಸೀತು. ಆಮೇಲೆ ಎರಡನ್ನೂ ಜೋಡಿಸುವುದು. ಕೇಳಲಿಕ್ಕೆ ಎಷ್ಟು ಸರಳವಾಗಿತ್ತೆಂದರೆ, ಅವರು ಬಂದು ಮಾಡಿಕೊಡುತ್ತೇನೆ ಎಂದಾಗ ನಾನು ಬೇಡ ಎಂದೆ. ಛಂದಸ್ಸು ಕಲಿತವನಿಗೆ ನಾಲ್ಕು ತಿರುಪು ಬಿಚ್ಚುವುದು ಏನು ಮಹಾ ಎನ್ನಿಸಿತ್ತು.

ಒಂದು ಮನೆಗೆ ಎರಡು ಒಲೆ ಎಂದರೆ ನನಗೆ ನೆನಪಾಗುವುದು ದೊಡವಾಡದ ನಮ್ಮ ಹಳೆಯ ಮನೆ. ನನ್ನ ಅಪ್ಪ ಮತ್ತು ಕಾಕಾ ಬೇರೆಯಾದಾಗ ಪಡಸಾಲೆಯ ನಡುವೆ ಒಂದು ಗೋಡೆ ಎದ್ದಿತು. ಗೋಡೆ ಮಾಳಿಗೆಯ ತನಕ ಮುಟ್ಟಲಿಲ್ಲ, ಇಟ್ಟಿಗೆ ಸಾಲಲಿಲ್ಲವೋ ಸಿಟ್ಟು ಸಾಲಲಿಲ್ಲವೋ ಗೊತ್ತಿಲ್ಲ. ಮೇಲಿನ ಆ ಸಂದಿಯಿಂದ ಆಚೆಯ ಎಣಗಾಯಿ ಪಲ್ಯದ ವಾಸನೆ ಈಚೆಗೂ, ಈಚೆಯ ಬೈಗುಳ ಆಚೆಗೂ ಹೋಗುತ್ತಿದ್ದವು. ನಾನು ಈ ಕಡೆ ಉಂಡು ಬಾಯಿ ಒರೆಸಿಕೊಂಡು, ಕೊಟ್ಟಿಗೆಯಿಂದ ನುಸುಳಿ ಆ ಕಡೆಯೂ ಉಣ್ಣುತ್ತಿದ್ದೆ. ಎರಡು ಒಲೆಯ ಸುಖ ಬಲ್ಲವನು ನಾನೊಬ್ಬನೇ. ಕೊಟ್ಟಿಗೆಯನ್ನು ಮಾತ್ರ ಪಾಲು ಮಾಡಿರಲಿಲ್ಲ, ಯಾಕೆಂದರೆ ಇದ್ದದ್ದು ಒಂದು ಜೊತೆ ಎತ್ತು, ಜೋಡಿ ಒಡೆದರೆ ಎರಡೂ ದಂಡ ಎಂದು ಕಾಕಾ ಒಪ್ಪಿರಲಿಲ್ಲ.

ಆ ಬಸಲಿಂಗ ಕಾಕಾ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಸಂತೆಯ ದಿನ ಬೈಲಹೊಂಗಲಕ್ಕೆ ಬಂದರೆ ನಮ್ಮಲ್ಲಿ ಊಟ ಮಾಡಿ, ನನ್ನ ಬದುಕಿನ ಬಗ್ಗೆ ಎರಡು ಮಾತು ಹೇಳಿ ಹೋಗುವುದು ಅವರ ನೇಮ. ಹೊಸ ಡ್ರೈವಿನ ಯೋಜನೆ ಕೇಳಿ ಅವರು ಬಹಳ ಹೊತ್ತು ಎಲೆ ಅಡಿಕೆ ಅಗಿದರು. ಎರಡೂ ಕೂಡಿ ದುಡಿಯುತ್ತವೋ ಎಂದು ಕೇಳಿದರು. ಇಲ್ಲ, ಒಂದು ದುಡಿಯುವಾಗ ಇನ್ನೊಂದು ಮಲಗಿರುತ್ತದೆ ಎಂದೆ.

"ಹಂಗಾರ ಎರಡು ಯಾಕ ಕಟ್ಟಾಕ ಹತ್ತಿ? ಒಂದಕ್ಕ ಮೇವು ಹಾಕೂದ ಕಷ್ಟ ಐತಿ ಈಗ."

ಉತ್ತರವಿಲ್ಲದಿದ್ದಾಗ ಜಾಣ ಮನುಷ್ಯ ಬೇರೆ ಪ್ರಶ್ನೆ ಕೇಳುತ್ತಾನೆ. ಕಟ್ಟುವುದೇ ಆದರೆ ಎಂಥದನ್ನು ಕಟ್ಟಬೇಕು ಎಂದು ಕೇಳಿದೆ. ಅದು ಅವರ ಪ್ರೀತಿಯ ವಿಷಯ. ಜೋಡಿ ಎಂದರೆ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಕೊಂಬು ಇರಬೇಕು, ಒಂದು ದೊಡ್ಡದು ಒಂದು ಸಣ್ಣದು ಕಟ್ಟಿದರೆ ನೊಗ ವಾರೆಯಾಗುತ್ತದೆ ಎಂದು ಊಟ ಆರುವ ತನಕ ವಿವರಿಸಿದರು. ಫಿಜಿಕ್ಸ್ ಸರ್ ಸಣ್ಣ ಅಳತೆಯದು ಸಾಕು ಎಂದಿದ್ದರು. ನಾನು ಕಾಕಾನ ಮಾತಿಗೆ ಬೆಲೆ ಕೊಟ್ಟು, ಹಳೆಯದು ಯಾವ ಕಂಪನಿಯದೋ ಅದೇ ಕಂಪನಿಯ, ಅಷ್ಟೇ ಅಳತೆಯ, ಅದೇ ಕಪ್ಪು ಬಣ್ಣದ ಡ್ರೈವನ್ನು ಹುಡುಕಿ ತರಿಸಿದೆ. ಎರಡನ್ನೂ ಪಕ್ಕದಲ್ಲಿಟ್ಟರೆ ಅವಳಿ ಮಕ್ಕಳಿದ್ದಂತೆ ಇದ್ದವು. ಜೋಡಿಗೆ ನನ್ನದೇ ದೃಷ್ಟಿ ತಾಗುವಂತಿತ್ತು.

ಸೋಮವಾರ ಕಾಲೇಜಿಗೆ ರಜೆ ಇತ್ತು, ಅಂದೇ ಹಾಕೋಣ ಎಂದುಕೊಂಡಿದ್ದೆ. ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಸ ಜೋಡಿಯನ್ನು ಸೋಮವಾರ ಹೂಡುವವನು ಯಾವ ಸೀಮೆಯ ಒಕ್ಕಲು ಮಗ ಎಂದು ಕಾಕಾ ಫೋನಿನಲ್ಲಿ ಗದರಿದರು. ಸರಿ, ರವಿವಾರ ಮಧ್ಯಾಹ್ನವೇ ಕೂತೆ.

ಈಗ ವಿಭೂತಿಯ ವಿಷಯ. ನಮ್ಮ ಮನೆಯಲ್ಲಿ ಕರೆಂಟಿನಿಂದ ನಡೆಯುವುದೆಲ್ಲ ದೇವರ ಪೈಕಿ. ಖಂಡೆ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಮಿಕ್ಸರಿಗೂ ಮೋಟಾರಿಗೂ ನನ್ನ ಸ್ಕೂಟರಿಗೂ ಕುಂಕುಮದ ಬಟ್ಟು ಬೀಳುತ್ತದೆ, ಮಾಲೆ ಬೀಳುತ್ತದೆ. ಹಿಂದಿನ ಸಲ ಫ್ಯಾನು ಗೊರಗೊರ ಎನ್ನುತ್ತಿದೆ ಎಂದು ಕಂಪ್ಯೂಟರಿನ ಮಗ್ಗುಲು ಬಿಚ್ಚಿಟ್ಟಿದ್ದೆ. ಶಾಂತಾ ಪೂಜೆಗೆ ಬಂದವಳು, ನನ್ನ ಕಸೂತಿ ಇದರಲ್ಲಿ ಎಲ್ಲಿರುತ್ತದೆ ಎಂದು ಕೇಳಿದ್ದಳು. ಡ್ರೈವು ತೋರಿಸಿದ್ದೆ. ಉಳಿದ ತಂತಿ ತಗಡಿಗೆಲ್ಲ ಒಂದೊಂದು ಕುಂಕುಮದ ಚುಕ್ಕೆ, ಆ ಡ್ರೈವಿಗೆ ಮಾತ್ರ ಮೂರು ಬೆರಳಿನ ವಿಭೂತಿ ಎಳೆದಿದ್ದಳು. ಹಾಗಾಗಿ ನನ್ನ ತಲೆಯಲ್ಲಿ ಲೆಕ್ಕ ಸ್ಪಷ್ಟವಾಗಿತ್ತು. ವಿಭೂತಿ ಇದ್ದದ್ದು ಹಳೆಯದು, ಗಿಳಿಗಳ ಮನೆ. ವಿಭೂತಿ ಇಲ್ಲದ್ದು ಹೊಸದು.

ಎರಡು ಡ್ರೈವನ್ನೂ ಮೇಜಿನ ಮೇಲಿಟ್ಟು, ಹಳೆಯದರ ಧೂಳು ಒರೆಸಿ, ವಿಭೂತಿಗೆ ಧಕ್ಕೆಯಾಗದ ಹಾಗೆ ಎಚ್ಚರ ವಹಿಸಿ, ಸಣ್ಣ ತಿರುಪುಳಿ ಕೇಳಿ ತರಲು ಪಕ್ಕದ ಮನೆಗೆ ಹೋದೆ. ಹೋದಲ್ಲಿ ಚಹಾ ಆಯಿತು, ಚಹಾದ ಮೇಲೆ ರಾಜಕೀಯ ಆಯಿತು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಎಂಬುದು ನನಗೆ ತಿಳಿದದ್ದು ಸಂಜೆಗೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನನ್ನ ಜೊತೆ ನೀವೂ ಯಾಕೆ ಪೇಚಾಡಬೇಕು.

ಮನೆಗೆ ಬಂದ ಹೊಸ ವಸ್ತುವನ್ನು ಪೂಜೆ ಮಾಡದೆ ಬಳಸಬಾರದೆಂದು ಶಾಂತಾ ವಿಭೂತಿ ಗಟ್ಟಿ ಹಿಡಿದು ಬಂದಳು. ಹಳೆಯ ಡ್ರೈವಿನ ವಿಭೂತಿ ಮಾಸಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಅದನ್ನು ಒದ್ದೆ ಬಟ್ಟೆಯಿಂದ ಸ್ವಚ್ಛ ಒರೆಸಿದಳು, ಎರಡಕ್ಕೂ ಕೂಡಿಯೇ ಹೊಸದಾಗಿ ಹಚ್ಚೋಣ ಎಂದು. ಮೊದಲು ಹೊಸ ಡ್ರೈವಿಗೆ ಮೂರು ಬೆರಳು ಎಳೆದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಒಳಗೆ ಓಡಿದಳು. ಅಲ್ಲಿ ಹಾಲು, ಆಮೇಲೆ ಹಾಲಿನಿಂದ ಕೆಟ್ಟ ಒಲೆ, ಆಮೇಲೆ ಮೊಸರಿಗೆ ಹೆಪ್ಪು. ಹಳೆಯ ಡ್ರೈವು ಬರೀ ಹಣೆಯಲ್ಲಿ ಮೇಜಿನ ಮೇಲೆ ಉಳಿಯಿತು.

ನಾನು ತಿರುಪುಳಿ ಹಿಡಿದು ಬಂದೆ. ಒಂದು ಡ್ರೈವಿನ ಮೇಲೆ ವಿಭೂತಿ ಫಳಫಳ ಹೊಳೆಯುತ್ತಿತ್ತು. ಅಷ್ಟು ತಾಜಾ ಹೇಗೆ ಎಂಬ ಪ್ರಶ್ನೆ ಬೇರೆ ಯಾರಿಗಾದರೂ ಬರಬಹುದಿತ್ತು. ನನಗೆ ಬಂದದ್ದು ಭಕ್ತಿ. ಗಿಳಿಗಳಿಗೆ ಏನೂ ಆಗದಿರಲೆಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಯ್ದು ದೇವರ ಜಗುಲಿಯ ಮೇಲೆ ಇಟ್ಟು ಕೈ ಮುಗಿದೆ. ಮತ್ತೆ ಬಂದು, ವಿಭೂತಿ ಇಲ್ಲದ್ದನ್ನು ಯಂತ್ರಕ್ಕೆ ಜೋಡಿಸಿ ಲಿನಕ್ಸಿನ ಪೆನ್ ಡ್ರೈವು ಚುಚ್ಚಿದೆ.

ಭಾಷೆ ಯಾವುದು ಎಂದು ಕೇಳಿತು. ಕನ್ನಡ ಎಂದೆ. ಕನ್ನಡದ ಮೇಷ್ಟ್ರು ಇಂಗ್ಲಿಷ್ ಆರಿಸಿದರೆ ಯಾರು ಮೆಚ್ಚುತ್ತಾರೆ. ಆ ಯಂತ್ರದ ಕನ್ನಡವೋ, ದೇವರೇ ಗತಿ. ಈ ತಟ್ಟೆಯಲ್ಲಿ ಅನ್ಯ ಕಾರ್ಯವ್ಯವಸ್ಥೆಯೊಂದು ಅಸ್ತಿತ್ವದಲ್ಲಿರುವುದೆಂದೂ, ಮುಂದುವರಿದಲ್ಲಿ ಸಮಸ್ತ ದತ್ತಾಂಶವೂ ನಿರ್ಮೂಲನೆಗೊಳ್ಳುವುದೆಂದೂ ಒಂದು ಒಕ್ಕಣೆ ಬಂತು. ಅದರಲ್ಲಿ ಒಂದು ವಿಭಕ್ತಿ ತಪ್ಪಿತ್ತು. ನಾನು ಆ ತಪ್ಪನ್ನು ಹಿಡಿದು ಬಹಳ ಸಂತೋಷಪಟ್ಟೆ. ಪರೀಕ್ಷಕನಾಗಿ ಓದಿದೆನೇ ಹೊರತು ಗಂಡನಾಗಿ ಓದಲಿಲ್ಲ. ಹೊಸ ಡ್ರೈವಿನಲ್ಲಿ ಅನ್ಯ ವ್ಯವಸ್ಥೆ ಎಲ್ಲಿಂದ ಬಂತು ಎಂಬ ಅನುಮಾನ ಒಮ್ಮೆ ಇಣುಕಿದ್ದು ನಿಜ. ಅಂಗಡಿಯವರು ಏನಾದರೊಂದು ತುಂಬಿಯೇ ಮಾರುತ್ತಾರೆ, ಎಲ್ಲ ಕಪ್ಪ ವಸೂಲಿಯ ಉಪಾಯ ಎಂದುಕೊಂಡು, ಮುಂದುವರಿ ಎಂಬಲ್ಲಿ ಒತ್ತಿದೆ. ಒತ್ತಿದ ರಭಸ ನೋಡಿದ್ದರೆ ಕಿತ್ತೂರಿನ ಕೋಟೆಯೇ ಮೆಚ್ಚಬೇಕಿತ್ತು.

ಲಿನಕ್ಸು ಬಂತು, ಚೆನ್ನಾಗಿಯೇ ಬಂತು. ಜಗುಲಿಯ ಮೇಲಿದ್ದ ಡ್ರೈವನ್ನು ತಂದು ಜೋಡಿಸಿ, ಶಾಂತಾಳನ್ನು ಕರೆದು, ಕೂತುಕೋ, ಈಗ ನಿನ್ನ ವಿಂಡೋಸು ತೋರಿಸುತ್ತೇನೆ ಎಂದೆ. ಅವಳು ಸೆರಗಿನ ಕೆಲಸ ಶುರು ಮಾಡಲು ಸೀರೆ ತಂದು ಕೂತಳು. ಗುಂಡಿ ಒತ್ತಿದೆ. ಲಿನಕ್ಸು ಬಂತು. ಮತ್ತೆ ಒತ್ತಿದೆ. ಮತ್ತೆ ಲಿನಕ್ಸು. ವಿಭೂತಿಯ ಡ್ರೈವನ್ನು ಪರದೆಯ ಮೇಲೆ ತೆರೆದು ನೋಡಿದರೆ ತೊಳೆದಿಟ್ಟ ತಾಟಿನಷ್ಟು ಖಾಲಿ. ನಾನು ವೈರು ಅಲ್ಲಾಡಿಸಿದೆ, ಊದಿದೆ, ಯಂತ್ರದ ತಲೆ ತಟ್ಟಿದೆ. ಶಾಂತಾ ಡ್ರೈವಿನ ಹಣೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, ಈ ವಿಭೂತಿ ನಾನು ಇವತ್ತು ಹಚ್ಚಿದ್ದು, ಹೊಸದಕ್ಕೆ ಎಂದಳು. ಹಾಲು ಉಕ್ಕಿದ ಕಥೆ ಆಗ ಹೊರಬಿತ್ತು.

ಫಿಜಿಕ್ಸ್ ಸರ್ ಓಡಿ ಬಂದರು. ಏನೇನೋ ಹಾಕಿ ಅಗೆದರು. ಒಮ್ಮೆ ಮೇಲೆ ಬರೆದ ಮೇಲೆ ಕೆಳಗಿನದು ಹೋಯಿತೆಂದೇ ಲೆಕ್ಕ ಎಂದು ಕೈ ಚೆಲ್ಲಿದರು. ಹೋಗುವಾಗ, ಒಂದು ನಕಲು ಬೇರೆ ಕಡೆ ಇಟ್ಟಿರಬೇಕಿತ್ತು ಸರ್ ಎಂದರು. ಊರು ಮುಳುಗಿದ ಮೇಲೆ ಒಡ್ಡು ಎತ್ತರಿಸಬೇಕಿತ್ತು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಡ್ರೈವಿನ ಬೆನ್ನ ಮೇಲೆ ಅಚ್ಚಾದ ನಂಬರು ನೋಡಿದ್ದರೆ ಯಾವುದು ಯಾವುದೆಂದು ತಿಳಿಯುತ್ತಿತ್ತು ಎಂದೂ ಸೇರಿಸಿದರು. ಕಾಕಾನಿಗೆ ಫೋನು ಮಾಡಿದರೆ ಅವರದೂ ಅದೇ ರಾಗ. ಹಲ್ಲು ನೋಡಬೇಕು, ಸುಳಿ ನೋಡಬೇಕು, ವಿಭೂತಿ ನೋಡಿ ಎತ್ತು ಗುರುತಿಸಿದವನನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದರು.

ಶಾಂತಾ ಅಳಲಿಲ್ಲ, ಬೈಯಲಿಲ್ಲ. ರೊಟ್ಟಿ ಆರುತ್ತದೆ, ಊಟ ಮಾಡಿ ಎಂದಳು. ನನಗೆ ಬೈಗುಳ ಬೇಕಿತ್ತು, ಬೈಗುಳಕ್ಕೆ ಉತ್ತರ ತಯಾರಿತ್ತು. ಬರದಿದ್ದಾಗ ನಾನೇ ಕೆದಕಿ, ವಿಭೂತಿ ಒರೆಸಿದವಳು ನೀನೇ ಅಲ್ಲವೇ ಎಂದೆ.

"ವಿಭೂತಿ ದೇವರಿಗೆ ಹಚ್ಚಿದ್ದರಿ," ಎಂದಳು. "ನಿಮಗ ಗುರ್ತ ಹತ್ತಲಿ ಅಂತ ಅಲ್ಲ."

ಅಂದಿನಿಂದ ಆ ವಾದವನ್ನು ನಾನು ಎತ್ತಿಲ್ಲ.

ಮುಂದಿನ ರವಿವಾರ ಇಬ್ಬರೂ ದೊಡವಾಡದ ಬಸ್ಸು ಹತ್ತಿದೆವು, ನೀಲವ್ವನ ಸೀರೆ ನೋಡಿ ಮತ್ತೆ ಎಳೆ ಎಣಿಸಿಕೊಂಡು ಬರಲು. ಬಸ್ಸಿನಲ್ಲಿ ನಾನು ಹುರುಪಿನಲ್ಲಿದ್ದೆ. ಮೂಲ ಇರುವ ತನಕ ನಕಲು ಹೋದರೆ ಏನಂತೆ ಎಂದು ಹಸ್ತಪ್ರತಿಗಳ ಉದಾಹರಣೆ ಕೊಡುತ್ತಿದ್ದೆ. ನೀಲವ್ವ ನಮ್ಮನ್ನು ನೋಡಿ ಹಿಗ್ಗಿದಳು. ಸೀರೆ ಎಂದ ಕೂಡಲೇ ಒಳಗೆ ಹೋಗಿ ತಂದದ್ದು ಸ್ಟೀಲಿನ ಒಂದು ಬೋಗಾಣಿ.

"ಆ ಸೀರಿ ಹರದಿತ್ತವ್ವಾ. ಬೋಗಾಣಿ ಮಾರಾಕಿ ಬಂದಿದ್ಲು, ಅದನ್ನ ಕೊಟ್ಟು ಇದನ್ನ ತಗೊಂಡೆ. ಹೆಂಗ ದಪ್ಪ ಐತಿ ನೋಡು."

ಬೆರಳಿನಿಂದ ಅದನ್ನು ಬಡಿದು ನಾದ ಕೇಳಿಸಿದಳು. ದಪ್ಪವಾಗಿಯೇ ಇತ್ತು. ಗಿಳಿ ಹೇಗಿದ್ದವು, ಕೊಕ್ಕಿನಿಂದ ಹಗ್ಗಕ್ಕೆ ಎಷ್ಟು ಎಳೆ, ಏನಾದರೂ ನೆನಪಿದೆಯೇ ಆಯಿ ಎಂದು ಶಾಂತಾ ಕೇಳಿದಳು. ಮುದುಕಿ ಸ್ವಲ್ಪ ಯೋಚನೆ ಮಾಡಿ, ಹಾಕಿದವಳು ನಮ್ಮತ್ತೆ, ನಾನು ಉಟ್ಟವಳು ಅಷ್ಟೇ ಎಂದು ನಕ್ಕಳು. ಆ ಬೋಗಾಣಿಯಲ್ಲೇ ಚಹಾ ಕಾಸಿ ಕೊಟ್ಟಳು. ಕುಡಿದು ಬಂದೆವು.

ವಾಪಸು ಬಸ್ಸಿನಲ್ಲಿ ನಾನು ಹಸ್ತಪ್ರತಿಗಳ ಮಾತು ಎತ್ತಲಿಲ್ಲ. ಶಾಂತಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದವಳು ಬೈಲಹೊಂಗಲ ಹತ್ತಿರ ಬಂದಾಗ ಬಾಯಿ ಬಿಟ್ಟಳು.

"ಆಕಿ ಬೋಗಾಣಿ ಮಾಡ್ಕೊಂಡ್ಲು, ನೀವು ಲಿನಕ್ಸ್ ಮಾಡ್ಕೊಂಡ್ರಿ. ಆಕಿ ಚಾ ಆದ್ರೂ ಕೊಟ್ಲು."

ನಗು ಬಂತು, ನಗಲಿಲ್ಲ. ನನಗೆ ನಿಜವಾಗಿ ಸಂಕಟವಾಗಿತ್ತು. ಯಾವಳೋ ಒಬ್ಬ ಅತ್ತೆ, ಕಣ್ಣಿಗೆ ಸಾಲದ ಬೆಳಕಿನಲ್ಲಿ ಕೂತು ಎಣಿಸಿ ಎಣಿಸಿ ಹಾಕಿದ ಗಿಳಿಗೆ ಈ ಜಗತ್ತಿನಲ್ಲಿ ಉಳಿದಿದ್ದ ಜಾಗ ನಮ್ಮ ಮನೆಯ ಒಂದು ಕಪ್ಪು ಡಬ್ಬಿ. ಅದರ ಮೇಲೆ ನಾನು ಸ್ವಾತಂತ್ರ್ಯವನ್ನು ಸ್ಥಾಪಿಸಿಬಿಟ್ಟಿದ್ದೆ. ಸ್ವಾತಂತ್ರ್ಯದ ಮಾತಾಡುವ ಗಂಡಸರು ಸಾಮಾನ್ಯವಾಗಿ ಹೆಂಡತಿಯ ವಸ್ತುವಿನಿಂದಲೇ ಶುರು ಮಾಡುತ್ತಾರೆ ಎಂಬುದನ್ನು ನಾನು ಅಂದು ಅರಿತೆ.

ಫಿಜಿಕ್ಸ್ ಸರ್ ಖಾಲಿ ಉಳಿದಿದ್ದ ವಿಭೂತಿಯ ಡ್ರೈವಿಗೆ ವಿಂಡೋಸು ಹಾಕಿಕೊಟ್ಟರು. ಅಂತೂ ಎರಡು ಒಲೆ ಹೊತ್ತಿದವು, ಒಕ್ಕಲು ಮಾತ್ರ ಅದಲು ಬದಲು. ಶಾಂತಾ ಕಂಪ್ಯೂಟರಿನ ಕಡೆ ಹೋಗಲೇ ಇಲ್ಲ. ಪಡಸಾಲೆಯ ಬಾಗಿಲಲ್ಲಿ ಬಿಸಿಲು ಬೀಳುವ ಕಡೆ ಕೂತು, ಬರೀ ಬಟ್ಟೆ ನೋಡಿ ಎಣಿಸಿ ಸೆರಗು ತುಂಬತೊಡಗಿದಳು. ಏನು ಹಾಕುತ್ತಿದ್ದೀಯ ಎಂದು ಕೇಳಿದರೆ, ಕುಬಸದ ದಿನ ನೋಡುವಿರಂತೆ ಎನ್ನುತ್ತಿದ್ದಳು. ನಾನು ಹತ್ತಿರ ಹೋದರೆ ಸೆರಗನ್ನು ಮಡಿಚಿ ಮಡಿಲಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಮುನವಳ್ಳಿಯಲ್ಲಿ ಕುಬಸ ಗದ್ದಲದಿಂದಲೇ ಆಯಿತು. ಹುಗ್ಗಿಯ ಆಸೆಗೆ ಕಾಕಾ ಕೂಡ ನಮ್ಮ ಜೊತೆ ಬಂದಿದ್ದರು. ಹುಡುಗಿ ಚಂದ್ರಕಾಳಿ ಉಟ್ಟು ಮಣೆಯ ಮೇಲೆ ಕೂತಳು, ಸೆರಗನ್ನು ಎಲ್ಲರಿಗೂ ಕಾಣುವಂತೆ ತೊಡೆಯ ಮೇಲೆ ಹರವಿದರು. ನಡುವೆ ತೊಟ್ಟಿಲು ಇತ್ತು. ಗಿಳಿ ಇರಲಿಲ್ಲ. ಗಿಳಿಗಳ ಜಾಗದಲ್ಲಿ, ತೊಟ್ಟಿಲಿನ ಆಚೆ ಒಂದು ಈಚೆ ಒಂದು, ಎರಡು ಎತ್ತು ನಿಂತಿದ್ದವು. ಒಂದೇ ಎತ್ತರ, ಒಂದೇ ಕೊಂಬು, ಒಂದೇ ಬಾಲ. ಒಂದರ ಹಣೆಯ ಮೇಲೆ ಬಿಳಿ ದಾರದ ಮೂರು ಗೆರೆ ಇದ್ದವು. ಇನ್ನೊಂದರ ಹಣೆ ಬರಿದಾಗಿತ್ತು.

ಹುಡುಗಿಯ ಅತ್ತೆ ಬಗ್ಗಿ ನೋಡಿ, ತೊಟ್ಟಿಲಿಗೆ ಎತ್ತು ಕಟ್ಟಿದ್ದು ಎಲ್ಲೂ ಕಂಡಿಲ್ಲ, ಇದಕ್ಕೆ ವಿಭೂತಿ ಇದೆ, ಅದಕ್ಕೆ ಯಾಕೆ ಇಲ್ಲ ಎಂದು ಕೇಳಿದರು. ಶಾಂತಾ ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ ಮೊದಲಿಂದ ಕಡೆಯ ತನಕ ಹೇಳಿದಳು. ಹಾಲು ಉಕ್ಕಿದ್ದು, ನಾನು ಜಗುಲಿಗೆ ಕೈ ಮುಗಿದದ್ದು, ವಿಭಕ್ತಿ ಹಿಡಿದದ್ದು, ಒಂದನ್ನೂ ಬಿಡಲಿಲ್ಲ. ವಿಭಕ್ತಿಯ ವಿಷಯ ಅವಳಿಗೆ ಹೇಳಿದ್ದೇ ನನ್ನ ತಪ್ಪು. ಹೆಂಗಸರು ನಕ್ಕು ನಕ್ಕು ಆರತಿಯ ತಾಟು ಕೆಳಗಿಟ್ಟರು. ಬಸುರಿ ಹುಡುಗಿಗೆ ಹೊಟ್ಟೆ ಹಿಡಿದುಕೊಂಡು ನಗುವಷ್ಟು ನಗು. ಕಾಕಾ ಹುಗ್ಗಿಯ ತಾಟು ಬಿಟ್ಟು ಎದ್ದು ಬಂದು, ಕನ್ನಡಕ ಏರಿಸಿ, ಸಂತೆಯಲ್ಲಿ ನೋಡುವ ಹಾಗೆ ಸೆರಗು ನೋಡಿ, ಜೋಡಿ ಬರೋಬ್ಬರಿ ಇದೆ ಎಂದು ತೀರ್ಪು ಕೊಟ್ಟರು. ಸವದತ್ತಿಯಿಂದ ಬಂದಿದ್ದ ಒಬ್ಬಾಕೆ ತನ್ನ ಮಗಳಿಗೂ ಇದೇ ಬೇಕು ಎಂದಳು. ಆ ಚಿತ್ತಾರಕ್ಕೆ ಅಲ್ಲೇ ಮಾಸ್ತರ ಎತ್ತು ಎಂದು ಹೆಸರೂ ಬಿತ್ತು. ಮುಂದೆ ಯಾವುದೋ ಕಾಲದಲ್ಲಿ ಯಾರೋ ಮುದುಕಿಯ ಟ್ರಂಕು ತೆಗೆಸಿ ಇನ್ಯಾರೋ ಅದರ ಎಳೆ ಎಣಿಸುತ್ತಾರೆ, ಅಲ್ಲಿಯ ತನಕ ಅದು ಬೋಗಾಣಿಯಾಗದಿದ್ದರೆ.

ಸಂಜೆ ಹುಡುಗಿ ಸೀರೆ ಬದಲಿಸಿ ಕೊಟ್ಟಳು. ಒಳಕೋಣೆಯಲ್ಲಿ ನಾನು ಒಂದು ತುದಿ, ಶಾಂತಾ ಒಂದು ತುದಿ ಹಿಡಿದು ಮಡಚಲು ನಿಂತೆವು. ಸೆರಗು ನನ್ನ ಕೈಯಲ್ಲಿತ್ತು. ಒಳಮಗ್ಗುಲಲ್ಲಾದರೂ ನನ್ನ ಮಾನ ಉಳಿದಿದೆಯೇ ಎಂದು ಮೆಲ್ಲಗೆ ತಿರುವಿ ನೋಡಿದೆ. ಗವಂತಿ ಹೊಲಿಗೆಗೆ ಒಳಗು ಹೊರಗು ಎಂಬ ಭೇದವಿಲ್ಲ. ತೊಟ್ಟಿಲು ಹಾಗೆಯೇ ಇತ್ತು, ಎತ್ತುಗಳೂ ಹಾಗೆಯೇ ಇದ್ದವು. ಒಂದೇ ವ್ಯತ್ಯಾಸ, ಆ ಕಡೆಯಿಂದ ಬಲಕ್ಕಿದ್ದ ವಿಭೂತಿಯ ಎತ್ತು ಈ ಕಡೆಯಿಂದ ಎಡಕ್ಕಿತ್ತು. ನಾನು ಮತ್ತೆ ತಿರುವಿದೆ. ಮತ್ತೆ ಬಲಕ್ಕೆ ಬಂತು.

ಶಾಂತಾ ಆ ತುದಿಯಿಂದ ನೋಡುತ್ತ ನಿಂತಿದ್ದಳು. ತುಟಿಯ ಅಂಚಿನಲ್ಲಿ, ಆ ರವಿವಾರದ ಮೇಲೆ ಮೊದಲ ಸಲ, ನಗು ಇತ್ತು.

"ಈಗರ ಹೇಳ್ರಿ," ಎಂದಳು. "ಯಾವುದು ಹಳೇದು?"

ನಾನು ಸೆರಗು ಹಿಡಿದುಕೊಂಡು ಒಮ್ಮೆ ಆ ಎತ್ತು ನೋಡಿದೆ, ಒಮ್ಮೆ ಈ ಎತ್ತು ನೋಡಿದೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕೈಯಲ್ಲಿದ್ದ ತುದಿಯನ್ನು ತಾನೇ ತೆಗೆದುಕೊಂಡು ಸೀರೆ ಮಡಚಿದಳು.